ಶರತ್ತಿನ ಕಾಲಂನಲ್ಲಿ ಎಳೆದ ಗೀಟು

ನನ್ನ ವಕೀಲಿ ಆಫೀಸಿಗೆ ಬರೋ ಮುಸ್ಲಿಂ ಹೆಣ್ಮಕ್ಕಳನ್ನ ನಾನು ಮೊದಲು ಕೇಳೋದು ನಿಕಾಹ್‌ನಾಮಾ, ಅಂದ್ರೆ ಮದುವೆ ಕರಾರಿನ ಪತ್ರ, ತಂದಿದೀಯಾ ಅಂತ. ಬಹಳಷ್ಟು ಜನ ತಂದಿರಲ್ಲ, ಅದು ಗಂಡನ ಮನೆ ಬೀರುವಿನಲ್ಲೇ ಉಳಿದಿರುತ್ತೆ, ಆಮೇಲೆ ಅಣ್ಣನೋ ಅಪ್ಪನೋ ಮಸೀದಿ ದಫ್ತರಿಗೆ ಎರಡು ಮೂರು ಸಲ ಅಲೆದು ರಿಜಿಸ್ಟರ್‌ನಿಂದ ನಕಲು ತಗೊಂಡು ಬರ್ತಾರೆ. ಉರ್ದು ಫಾರ್ಮು. ಹುಡುಗನ ಹೆಸರು, ಹುಡುಗಿ ಹೆಸರು, ಹುಡುಗಿ ಪರವಾಗಿ ಮಾತಾಡೋ ವಕೀಲ್ ಯಾರು, ಇಬ್ಬರು ಗವಾಹ್ ಅಂದ್ರೆ ಸಾಕ್ಷಿಗಳು, ಹುಡುಗ ಹುಡುಗಿಗೆ ಕೊಡಬೇಕಾದ ಮೆಹರ್ ಎಷ್ಟು, ಕೆಲವು ಫಾರ್ಮಲ್ಲಿ ಕೆಳಗಡೆ 'ಶರಾಯತ್' ಅಂತ ಒಂದು ಜಾಗ ಇರುತ್ತೆ, ಅಂದ್ರೆ ಶರತ್ತುಗಳು. 22 ವರ್ಷದಿಂದ ದಾವಣಗೆರೆಯಲ್ಲಿ ಫ್ಯಾಮಿಲಿ ಮ್ಯಾಟರ್‌ಗಳನ್ನೇ ಹೆಚ್ಚಾಗಿ ನಡೆಸ್ತಾ ಬಂದಿದೀನಿ, ಆ ಜಾಗದಲ್ಲಿ ಏನಾದ್ರೂ ಬರೆದಿದ್ದನ್ನ ನೋಡಿದ್ದು ಬೆರಳಲ್ಲಿ ಎಣಿಸೋಷ್ಟು ಸಲ. ಉಳಿದದ್ದರಲ್ಲೆಲ್ಲ ಒಂದು ಅಡ್ಡ ಗೀಟು ಎಳೆದು ಮುಂದೆ ಹೋಗಿರ್ತಾರೆ.

ಇಸ್ಲಾಂ ಸುಧಾರಣೆ ಆಗಬೇಕು ಅಂತ ಟಿವಿಲಿ ಕೂಗಾಡೋರನ್ನೂ ನೋಡ್ತೀನಿ, ಶರಿಯತ್‌ನಲ್ಲಿ ಒಂದಕ್ಷರ ಬದಲಾಗಲ್ಲ ಅನ್ನೋರನ್ನೂ ನೋಡ್ತೀನಿ, ಇಬ್ಬರೂ ಆ ಗೀಟನ್ನ ನೋಡಿಲ್ಲ ಅನ್ಸುತ್ತೆ. ನಾನು ಆಲಿಮಾ, ಅಂದ್ರೆ ಧರ್ಮಶಾಸ್ತ್ರ ಬಲ್ಲವಳು, ಅಲ್ಲ, ಮದರಸಾದಲ್ಲಿ ಓದಿದವಳೂ ಅಲ್ಲ, ಆದ್ರೆ ನಮಾಜು ರೋಜಾ ಬಿಡದ ಮನೆಯಲ್ಲಿ ಬೆಳೆದವಳು, ಮತ್ತೆ ದಿನಾ ಈ ಕಾನೂನನ್ನ ಕೈಯಲ್ಲಿ ಹಿಡ್ಕೊಂಡು ಕೆಲಸ ಮಾಡೋಳು. ಹಾಗಾಗಿ ದೊಡ್ಡ ಸಿದ್ಧಾಂತ ಬಿಟ್ಟು ನನಗೆ ಗೊತ್ತಿರೋ ಒಂದು ಕಥೆಯಿಂದಲೇ ಶುರು ಮಾಡ್ತೀನಿ.

ಕೆಲವು ವರ್ಷದ ಹಿಂದೆ ಹರಿಹರದ ಕಡೆಯಿಂದ ಒಬ್ಬ ಹುಡುಗಿ ಬಂದ್ಲು, ಜೊತೆಗೆ ಅವಳ ಅಮ್ಮ. ಗಂಡ ಕೆಲಸಕ್ಕೆ ಅಂತ ಮುಂಬೈಗೆ ಹೋದವನು, ಮೊದಲು ನಾಲ್ಕೈದು ತಿಂಗಳು ದುಡ್ಡು ಕಳಿಸಿದ, ಆಮೇಲೆ ಫೋನ್ ಸ್ವಿಚ್ ಆಫ್, ಅವನ ತಾಯಿಗೂ ಗೊತ್ತಿಲ್ಲ, ಜೊತೆಗೆ ಹೋದ ಹುಡುಗರಿಗೂ ಗೊತ್ತಿಲ್ಲ. ಆರು ವರ್ಷ ಆಗಿತ್ತು. ಇವಳು ಬೀಡಿ ಕಟ್ಟಿ ಮಗು ಸಾಕ್ತಿದ್ದಳು. ಕೇಳಿದ್ದು ಇಷ್ಟೇ, "ಆಪಾ, ನಾನು ಮದುವೆ ಆದವಳಾ, ವಿಧವೆನಾ, ಏನು ಅಂತ ಯಾರಾದ್ರೂ ಹೇಳ್ತಾರಾ?"

ಇವಳ ಪ್ರಶ್ನೆಗೆ ನಮ್ಮ ಹನಫಿ ಪಂಥದ ಹಳೇ ಕಿತಾಬುಗಳಲ್ಲಿ ಇರೋ ಉತ್ತರ ಕೇಳಿದ್ರೆ ಎದೆ ಝಲ್ ಅನ್ನುತ್ತೆ. ಕಾಣೆಯಾದ ಗಂಡ ಸತ್ತ ಅಂತ ಲೆಕ್ಕ ಹಾಕಬೇಕಾದ್ರೆ ಅವನ ಓರಗೆಯವರೆಲ್ಲ ಸತ್ತಿರಬೇಕು, ಕೆಲವರ ಲೆಕ್ಕದಲ್ಲಿ ಅವನಿಗೆ 90 ವರ್ಷ ತುಂಬಬೇಕು. ಅಲ್ಲಿವರೆಗೆ ಹೆಂಡತಿ ಕಾಯ್ಬೇಕು. ಯಾಕೆ ಹಾಗಂದ್ರು ಅಂದ್ರೆ ಅವರ ಲೆಕ್ಕದಲ್ಲೂ ಒಂದು ನ್ಯಾಯ ಇತ್ತು, ಮನುಷ್ಯ ಬದುಕಿದಾನೆ ಅನ್ನೋದು ಖಚಿತ ಇದ್ದದ್ದು, ಸತ್ತ ಅನ್ನೋದು ಬರೀ ಅನುಮಾನ, ಅನುಮಾನದ ಮೇಲೆ ಅವನ ಆಸ್ತಿ ಹಂಚೋದಾಗಲಿ ಹೆಂಡತಿಗೆ ಬೇರೆ ಮದುವೆ ಮಾಡೋದಾಗಲಿ ಆಗಬಾರದು ಅಂತ. ಆದ್ರೆ ಅದೇ ಹೊತ್ತಿಗೆ ಮದೀನಾದ ಇಮಾಮ್ ಮಾಲಿಕ್ ಅವರ ಪಂಥ ಬೇರೆ ಮಾತು ಹೇಳ್ತು. ಖಲೀಫಾ ಉಮರ್ ಕೊಟ್ಟ ತೀರ್ಪನ್ನ ಹಿಡ್ಕೊಂಡು, ನಾಲ್ಕು ವರ್ಷ ಕಾಯಿರಿ, ಆಮೇಲೆ ಗಂಡ ಸತ್ತವಳ ಹಾಗೆ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂತು, ಅಂದ್ರೆ ಮರುಮದುವೆಗೆ ಮೊದಲು ಕಾಯಬೇಕಾದ ಅವಧಿ ಮುಗಿಸಿ, ಬೇರೆ ನಿಕಾಹ್ ಮಾಡ್ಕೊಳ್ಳಲಿ ಅಂದ್ರು. ಎರಡೂ ಇಸ್ಲಾಂ ಒಳಗಿನ ಮಾತೇ. ಎರಡೂ ಸಾವಿರ ವರ್ಷಕ್ಕಿಂತ ಹಳೇದು.

ನಮ್ಮ ಕರ್ನಾಟಕದಲ್ಲೇ ನೋಡಿ, ಭಟ್ಕಳದ ನವಾಯತರು, ಮಂಗಳೂರು ಕಡೆಯ ಬ್ಯಾರಿಗಳು ಶಾಫಿ ಪಂಥದವರು, ಘಟ್ಟದ ಮೇಲೆ ದಖನಿ ಮಾತಾಡೋ ನಾವು ಬಹುತೇಕ ಹನಫಿಗಳು. ಗಂಡನಿಗೆ ಹೆಂಡತಿನ ಸಾಕೋಕೆ ಕೈಲಾಗದೇ ಇದ್ರೆ ಮದುವೆ ರದ್ದು ಮಾಡಿಸ್ಕೊಳ್ಳಬಹುದು ಅಂತ ಶಾಫಿ ಫಿಕ್ಹ್ ಹೇಳುತ್ತೆ, ಹನಫಿ ಒಪ್ಪಲ್ಲ. ಅಂದ್ರೆ ಒಂದೇ ಕುರಾನ್, ಒಬ್ಬರೇ ಪೈಗಂಬರ್, ಆದ್ರೆ ಘಟ್ಟ ಹತ್ತಿದ್ರೆ ಹೆಣ್ಮಗಳ ಹಕ್ಕು ಬದಲಾಗ್ತಿತ್ತು. ಶರಿಯತ್ ಬೇರೆ ಫಿಕ್ಹ್ ಬೇರೆ ಅಂತ ಪಾಠ ಮಾಡೋರು ಇದೊಂದು ಉದಾಹರಣೆ ಕೊಟ್ರೆ ಸಾಕು ಅಂತ ನನಗೆ ಯಾವಾಗ್ಲೂ ಅನ್ಸುತ್ತೆ. ಶರಿಯತ್ ಅಂದ್ರೆ ದೇವರು ತೋರಿಸಿದ ದಾರಿ, ಫಿಕ್ಹ್ ಅಂದ್ರೆ ಆ ದಾರಿನ ಮನುಷ್ಯರು ಅವರವರ ಕಾಲದಲ್ಲಿ, ಅವರವರ ಊರಲ್ಲಿ ಅರ್ಥ ಮಾಡ್ಕೊಂಡ ರೀತಿ. ಇರಾಕಿನ ಕೂಫಾದಲ್ಲಿ ಕೂತ ಮನುಷ್ಯ ಅರ್ಥ ಮಾಡ್ಕೊಂಡಿದ್ದು ಒಂದು ಥರ, ಮದೀನಾದಲ್ಲಿ ಕೂತವರದ್ದು ಇನ್ನೊಂದು ಥರ, ಇಬ್ಬರೂ ತಮ್ಮ ಮಾತಿನ ಕೊನೆಗೆ ಅಲ್ಲಾಹು ಆಲಮ್, ದೇವರಿಗೇ ಚೆನ್ನಾಗಿ ಗೊತ್ತು, ಅಂತ ಸೇರಿಸ್ತಿದ್ದ ಕಾಲ ಅದು.

ಈಗ 1930ರ ಹೊತ್ತಿಗೆ ಬರೋಣ. ಪಂಜಾಬಿನಲ್ಲಿ ಒಂದು ವಿಚಿತ್ರ ನಡೀತಿತ್ತು. ಗಂಡನ ಹಿಂಸೆ ತಡೀಲಾರದ ಹೆಂಗಸರು, ಗಂಡ ಬಿಟ್ಟು ಹೋದವರು, ಹನಫಿ ಪ್ರಕಾರ ಬಿಡುಗಡೆಗೆ ದಾರಿ ಇಲ್ಲ ಅಂತ ಗೊತ್ತಾಗಿ ಧರ್ಮ ಬಿಡ್ತಿದ್ರು. ಧರ್ಮ ಬಿಟ್ರೆ ಮದುವೆ ತಾನಾಗೇ ಮುರಿಯುತ್ತೆ ಅನ್ನೋದು ಅದೇ ಹನಫಿ ನಿಯಮ, ಬ್ರಿಟಿಷ್ ಕೋರ್ಟುಗಳೂ ಅದನ್ನೇ ಹಿಡಿದಿದ್ವು. ಒಂದು ಬಾಗಿಲು ಮುಚ್ಚಿದ್ದಕ್ಕೆ ಇಡೀ ಮನೆನೇ ಬಿಟ್ಟು ಹೋಗೋ ಪರಿಸ್ಥಿತಿ. 1929ರ ಜನವರಿಯಲ್ಲಿ ಮದ್ರಾಸಿಗೆ ಬಂದು ಇಸ್ಲಾಮಿನ ಚಿಂತನೆನ ಹೊಸದಾಗಿ ಕಟ್ಟೋದರ ಬಗ್ಗೆ ಉಪನ್ಯಾಸ ಕೊಟ್ಟ ಅಲ್ಲಾಮಾ ಇಕ್ಬಾಲ್, ಅದೇ ಪ್ರವಾಸದಲ್ಲಿ ಬೆಂಗಳೂರು ಮೈಸೂರಿಗೂ ಬಂದು ಶ್ರೀರಂಗಪಟ್ಟಣದಲ್ಲಿ ಟಿಪ್ಪು ಗೋರಿ ನೋಡ್ಕೊಂಡು ಹೋದವರು, ಆ ಉಪನ್ಯಾಸಗಳ ಪುಸ್ತಕದಲ್ಲಿ ಈ ಪಂಜಾಬಿನ ಹೆಂಗಸರ ವಿಷಯ ಎತ್ತಿದಾರೆ. ಸ್ಪೇನಿನ ಗ್ರನಾಡಾದ ಇಮಾಮ್ ಶಾತಿಬಿ, 1388ರಲ್ಲಿ ತೀರಿಕೊಂಡವರು, ಶರಿಯತ್ ಇರೋದೇ ಐದು ವಸ್ತು ಕಾಪಾಡೋಕೆ ಅಂತ ಬರೆದಿದ್ರು, ಧರ್ಮ, ಜೀವ, ಬುದ್ಧಿ, ಆಸ್ತಿ, ಸಂತಾನ. ಇಕ್ಬಾಲ್ ಕೇಳಿದ್ದು, ಧರ್ಮ ಕಾಪಾಡೋಕೆ ಅಂತ ಇರೋ ಕಾನೂನೇ ಹೆಣ್ಮಗಳನ್ನ ಧರ್ಮದಿಂದ ಆಚೆ ತಳ್ತಿದ್ರೆ ಅದು ತನ್ನ ಉದ್ದೇಶ ಈಡೇರಿಸ್ತಿದೆಯಾ ಅಂತ.

ಇಕ್ಬಾಲ್ ಕೇಳಿದ್ರು ಅಂದ್ರೆ ಆಶ್ಚರ್ಯ ಇಲ್ಲ, ಅವರು ಇಂಗ್ಲೆಂಡು ಜರ್ಮನಿಯಲ್ಲಿ ಓದಿ ಬಂದವರು. ನನಗೆ ಮುಖ್ಯ ಅನ್ಸೋದು ಇನ್ನೊಬ್ಬರು. ಮೌಲಾನಾ ಅಶ್ರಫ್ ಅಲಿ ಥಾನವಿ. ನಮ್ಮ ಮನೆಗಳಲ್ಲಿ ಮದುವೆ ಹೆಣ್ಣಿಗೆ ಜಹೇಜ್ ಜೊತೆಗೆ ಕೊಟ್ಟು ಕಳಿಸೋ ಬಹಿಶ್ತಿ ಜೇವರ್ ಬರೆದವರು, ದೇವಬಂದಿ ಪರಂಪರೆಯ ದೊಡ್ಡ ಆಲಿಮ್, ಅಪ್ಪಟ ಸಂಪ್ರದಾಯಸ್ಥರು. ನೀವು ಸುಧಾರಕರು ಅಂತ ಅವರಿಗೆ ಹೇಳಿದ್ರೆ ಖಂಡಿತ ಒಪ್ತಿರಲಿಲ್ಲ. ಈ ಮನುಷ್ಯ 1930ರ ದಶಕದ ಶುರುವಿನಲ್ಲಿ ಕೂತು, ಮದೀನಾದ ಮಾಲಿಕಿ ಮುಫ್ತಿಗಳಿಗೆ ಪತ್ರ ಬರೆದು ಫತ್ವಾ ತರಿಸ್ಕೊಂಡು, ಒಂದು ಕಿತಾಬು ಮಾಡಿದ್ರು, ಅಲ್ ಹೀಲತುನ್ ನಾಜಿಜಾ ಅಂತ. ಅಸಹಾಯಕ ಹೆಂಡತಿಗೆ ಕೆಲಸಕ್ಕೆ ಬರೋ ಉಪಾಯ ಅನ್ನೋ ಅರ್ಥ ಬರುತ್ತೆ ಪೂರ್ತಿ ಹೆಸರಿಗೆ. ಹನಫಿಯಲ್ಲಿ ದಾರಿ ಇಲ್ಲದಿದ್ರೆ ಮಾಲಿಕಿಯಲ್ಲಿ ಇದೆ, ತೀರಾ ಅಗತ್ಯ ಬಿದ್ದಾಗ ಅದನ್ನ ತಗೋಬಹುದು ಅಂತ ಹನಫಿ ಹಿರಿಯರೇ ಒಪ್ಪಿದಾರೆ, ಹಾಗಾಗಿ ಕಾಣೆಯಾದವನ ಹೆಂಡತಿ, ಹುಚ್ಚನ ಹೆಂಡತಿ, ಖರ್ಚಿಗೆ ಕೊಡದವನ ಹೆಂಡತಿ, ಇವರಿಗೆಲ್ಲ ಬಿಡುಗಡೆ ಇದೆ ಅಂತ. ಹೆಂಡತಿ ಧರ್ಮ ಬಿಟ್ರೆ ಮದುವೆ ಮುರಿಯುತ್ತೆ ಅಂತ 1913ರಲ್ಲಿ ತಾವೇ ಕೊಟ್ಟ ಫತ್ವಾನ ಈ ಸಲ ವಾಪಸ್ ತಗೊಂಡ್ರು. ಇಷ್ಟು ದೊಡ್ಡ ಮನುಷ್ಯ, ಲಕ್ಷಾಂತರ ಜನ ತನ್ನ ಮಾತಿಗೆ ತಲೆಬಾಗ್ತಾರೆ ಅಂತ ಗೊತ್ತಿದ್ದೂ, ನಾನು ಮೊದಲು ಹೇಳಿದ್ದು ಸರಿ ಇಲ್ಲ ಅಂತ ಬರೆದಿದ್ದು. ನನಗೆ ಈ ಒಂದು ವಿಷಯ ಓದಿದಾಗೆಲ್ಲ ಮನಸ್ಸು ತುಂಬುತ್ತೆ.

ಅದೇ ಕೆಲಸದ ಫಲವಾಗಿ ಖಾಜಿ ಮುಹಮ್ಮದ್ ಅಹ್ಮದ್ ಕಾಜ್ಮಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ತಂದ್ರು, 1939ರಲ್ಲಿ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆ ಬಂತು. ಇವತ್ತಿಗೂ ನಾನು ಹಾಕೋ ಅರ್ಜಿಗಳು ಅದರ ಸೆಕ್ಷನ್ 2ರ ಕೆಳಗೇ. ನಾಲ್ಕು ವರ್ಷ ಗಂಡನ ಸುಳಿವಿಲ್ಲ, ಎರಡು ವರ್ಷ ಜೀವನಾಂಶ ಕೊಟ್ಟಿಲ್ಲ, ಏಳು ವರ್ಷ ಅಥವಾ ಹೆಚ್ಚು ಜೈಲು, ಮೂರು ವರ್ಷ ಸಂಸಾರ ಮಾಡಿಲ್ಲ, ಕ್ರೌರ್ಯ, ಹೀಗೆ. ಕ್ರೌರ್ಯದ ಪಟ್ಟಿ ಒಳಗೆ ಅವಳ ಆಸ್ತಿ ಮಾರೋದು, ನಮಾಜಿಗೆ ಅಡ್ಡಿ ಮಾಡೋದು, ಒಬ್ಬಳಿಗಿಂತ ಹೆಚ್ಚು ಹೆಂಡತಿಯರಿದ್ರೆ ಕುರಾನ್ ಹೇಳಿದ ಹಾಗೆ ಸಮಾನವಾಗಿ ನೋಡ್ಕೊಳ್ಳದೇ ಇರೋದು, ಇವೂ ಇವೆ. ಆ ಕಾಲಕ್ಕೆ ದೇಶದಲ್ಲಿ ಹಿಂದೂ ಹೆಣ್ಮಕ್ಕಳಿಗೂ ಇಂಥ ಒಂದು ಡೈವೋರ್ಸ್ ಕಾಯ್ದೆ ಎಲ್ಲಾ ಕಡೆ ಇರಲಿಲ್ಲ, ಅದು ಬಂದಿದ್ದು 1955ಕ್ಕೆ. ಮಸೂದೆಯ ಉದ್ದೇಶದ ಹೇಳಿಕೆಯಲ್ಲೇ ನೇರವಾಗಿ ಬರೆದಿದಾರೆ, ಹನಫಿ ಕಾನೂನಿಂದ ಕಷ್ಟ ಆಗೋ ಕಡೆ ಮಾಲಿಕಿ, ಶಾಫಿ, ಹಂಬಲಿ ನಿಯಮ ಅನ್ವಯ ಮಾಡಬಹುದು ಅಂತ ಹನಫಿ ಪಂಡಿತರೇ ಹೇಳಿದಾರೆ ಅಂತ. ಇದಕ್ಕೆ ಅರಬಿಯಲ್ಲಿ ತಖಯ್ಯುರ್ ಅಂತಾರೆ, ಆರಿಸ್ಕೊಳ್ಳೋದು. 1917ರಲ್ಲಿ ಆಟೊಮನ್ ತುರ್ಕರು ಕುಟುಂಬ ಕಾನೂನಿಗೆ ಇದನ್ನೇ ಮಾಡಿದ್ರು, ಈಜಿಪ್ಟ್ 1920ರಲ್ಲಿ, 1929ರಲ್ಲಿ ಮಾಡ್ತು. ಒಂದೇ ಉಸಿರಲ್ಲಿ ಮೂರು ತಲಾಕ್ ಹೇಳಿದ್ರೆ ಅದು ಒಂದೇ ಅಂತ ಈಜಿಪ್ಟ್ 1929ರಲ್ಲೇ ಕಾನೂನು ಮಾಡಿಯಾಗಿತ್ತು, ನಾವು 2017ರ ಆಗಸ್ಟ್ 22ಕ್ಕೆ ಸುಪ್ರೀಂ ಕೋರ್ಟಿನ ಐದು ಜನರ ಪೀಠ ಮೂರು ಎರಡರಲ್ಲಿ ಇಂಥ ತಲಾಕ್ ನಡೆಯಲ್ಲ ಅಂತ ತೀರ್ಪು ಕೊಡೋವರೆಗೆ ಕಾದ್ವಿ.

ಸರಿ, ಹುಡುಗಿ ಕಥೆಗೆ ವಾಪಸ್. ಅರ್ಜಿ ಹಾಕಿದ್ವಿ. ಗಂಡ ಕಾಣೆ ಅನ್ನೋ ಕೇಸಲ್ಲಿ ಅವನು ಸತ್ತಿದ್ರೆ ಯಾರು ವಾರಸುದಾರರು ಆಗ್ತಿದ್ರೋ ಅವರ ಹೆಸರೆಲ್ಲ ಅರ್ಜಿಯಲ್ಲಿ ಹಾಕಿ ನೋಟೀಸ್ ಕೊಡಬೇಕು, ವಾರಸುದಾರರಲ್ಲದಿದ್ರೂ ಅವನ ಚಿಕ್ಕಪ್ಪ ದೊಡ್ಡಪ್ಪ, ಅಣ್ಣ ತಮ್ಮಂದಿರು ಇದ್ರೆ ಅವರನ್ನೂ ಪಾರ್ಟಿ ಮಾಡಬೇಕು, ಇದನ್ನ ಮರೆತು ಒಂದು ವರ್ಷ ಕಳ್ಕೊಂಡ ಕೇಸುಗಳನ್ನ ನೋಡಿದೀನಿ, ಅದಕ್ಕೇ ಹೇಳ್ತಿದೀನಿ. ಪೇಪರ್ ಪಬ್ಲಿಕೇಶನ್ ಆಯ್ತು, ಅವನ ತಮ್ಮ ಬಂದು ನಮಗೂ ಗೊತ್ತಿಲ್ಲ ಅಂತ ಹೇಳಿಕೆ ಕೊಟ್ಟ, ಡಿಕ್ರಿ ಆಯ್ತು. ಈ ಡಿಕ್ರಿ ಆರು ತಿಂಗಳು ಜಾರಿಗೆ ಬರಲ್ಲ, ಅಷ್ಟರಲ್ಲಿ ಗಂಡ ಬಂದು ಸಂಸಾರ ಮಾಡ್ತೀನಿ ಅಂತ ಕೋರ್ಟಿಗೆ ಒಪ್ಪಿಸಿದ್ರೆ ರದ್ದಾಗುತ್ತೆ. ಅವನು ಬರಲಿಲ್ಲ.

ಆಮೇಲೆ ಅವಳಿಗೊಂದು ಸಂಬಂಧ ಬಂತು, ರಾಣೆಬೆನ್ನೂರಿನ ಕಡೆಯ ಟೈಲರ್, ಹೆಂಡತಿ ತೀರಿಕೊಂಡವನು. ಎಲ್ಲಾ ಮಾತಾಗಿ ತಾರೀಖು ಇಡೋ ಹೊತ್ತಿಗೆ ಮಸೀದಿಯ ಮೌಲಾನಾ ನಿಕಾಹ್ ಓದಿಸಲ್ಲ ಅಂದ್ರಂತೆ. ಅವಳಮ್ಮ ಅಳ್ತಾ ಫೋನ್ ಮಾಡಿದ್ರು. ನಾನು ಆ ಭಾನುವಾರನೇ ಹೋದೆ, ಹೋಗೋವಾಗ ತಲೆ ತುಂಬ ಕೋಪ, ಕೋರ್ಟ್ ಡಿಕ್ರಿ ಒಪ್ಪದೇ ಇರೋಕೆ ಇವರು ಯಾರು ಅಂತ. ಬ್ಯಾಗಲ್ಲಿ ಥಾನವಿಯವರ ಕಿತಾಬಿನ ಉರ್ದು ಪ್ರತಿ ಇಟ್ಕೊಂಡಿದ್ದೆ, ಇದನ್ನ ತೋರಿಸಿದ್ರೆ ಬಾಯಿ ಮುಚ್ಚುತ್ತೆ ಅಂತ ನನ್ನ ಲೆಕ್ಕ.

ಮೌಲಾನಾಗೆ ಎಪ್ಪತ್ತರ ಹತ್ತಿರ ವಯಸ್ಸು. ಮಸೀದಿ ಪಕ್ಕದ ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದ್ರು. ಕಿತಾಬು ಕೊಟ್ಟೆ. ಕನ್ನಡಕ ಹಾಕ್ಕೊಂಡು, ಪುಟ ತಿರುವಿ, ಅವರಿಗೆ ಬೇಕಾದ ಜಾಗ ಸರಕ್ಕನೆ ತೆಗೆದ್ರು, ನನಗಿಂತ ಎಷ್ಟೋ ಚೆನ್ನಾಗಿ ಗೊತ್ತಿತ್ತು ಅವರಿಗೆ. "ಬೇಟಿ, ನಾಲ್ಕು ವರ್ಷದ ಮಾತು ಸರಿ, ನಾನು ಇಲ್ಲ ಅಂದಿಲ್ಲ. ಆದ್ರೆ ಇದೇ ಕಿತಾಬಲ್ಲಿ ಇದನ್ನೂ ಓದಿ" ಅಂತ ಬೆರಳಿಟ್ಟು ತೋರಿಸಿದ್ರು. ಫಸ್ಖ್, ಅಂದ್ರೆ ಮದುವೆ ರದ್ದು, ಮಾಡೋ ನ್ಯಾಯಾಧೀಶ ಅಂದ್ರೆ ಖಾಜಿ ಮುಸ್ಲಿಂ ಆಗಿರಬೇಕು ಅನ್ನೋ ಮಾತು. ನಿಜ, ಥಾನವಿಯವರು ಹಾಗೇ ಬರೆದಿದಾರೆ. 1939ರ ಕಾಯ್ದೆ ಬಂದಾಗ ಉಲೇಮಾಗಳಿಗೆ ಅಸಮಾಧಾನ ಆಗಿದ್ದೇ ಇದರಿಂದ, ಮುಸ್ಲಿಂ ನ್ಯಾಯಾಧೀಶರ ಮುಂದೆ ಮಾತ್ರ ಈ ಕೇಸುಗಳು ನಡೀಬೇಕು ಅಂತ ಅವರು ಕೇಳಿದ್ದ ಭಾಗನ ಶಾಸನಸಭೆ ಕೈಬಿಡ್ತು. ನನ್ನ ಕೇಸಿನ ಜಡ್ಜ್ ಮುಸ್ಲಿಂ ಆಗಿರಲಿಲ್ಲ.

ನಾನು ಸುಮ್ಮನಾದೆ. ನನ್ನದೇ ಅಸ್ತ್ರ ನನ್ನ ಕಡೆ ತಿರುಗಿತ್ತು. ಅವರು ಇನ್ನೆರಡು ಪುಟ ತಿರುವಿದ್ರು. ಖಾಜಿ ಇಲ್ಲದ ದೇಶದಲ್ಲಿ ಏನು ಮಾಡಬೇಕು? ಊರಿನ ದೀನ್‌ದಾರ್, ಅಂದ್ರೆ ಧರ್ಮನಿಷ್ಠ, ಮುಸ್ಲಿಮರು ಕಡಿಮೆ ಅಂದ್ರೆ ಮೂರು ಜನ ಪಂಚಾಯ್ತಿ ಕೂತು, ವಿಚಾರಣೆ ಮಾಡಿ, ಒಮ್ಮತದಿಂದ ತೀರ್ಮಾನ ಕೊಟ್ರೆ ಅದು ಖಾಜಿ ತೀರ್ಪಿಗೆ ಸಮ. ಇದೂ ಮಾಲಿಕಿಯಿಂದಲೇ ತಗೊಂಡಿದ್ದು. "ನೀವು ಕೋರ್ಟಿನ ಕಾಗದ ಎಲ್ಲಾ ತನ್ನಿ, ಸಾಕ್ಷಿ ಹೇಳಿಕೆ ತನ್ನಿ, ನಾವು ಮೂರು ಜನ ಕೂತು ಓದ್ತೀವಿ" ಅಂದ್ರು.

ಎರಡು ವಾರ ಬಿಟ್ಟು ಕೂತ್ರು. ಮೌಲಾನಾ, ಜಮಾತಿನ ಮುತವಲ್ಲಿ, ಮತ್ತೊಬ್ಬರು ರಿಟೈರ್ಡ್ ಮೇಷ್ಟ್ರು. ಪೇಪರ್ ಪಬ್ಲಿಕೇಶನ್‌ನ ಕಟಿಂಗ್ ಕೈಯಿಂದ ಕೈಗೆ ಹೋಯ್ತು, ಗಂಡನ ತಮ್ಮನ ಹೇಳಿಕೆನ ಮೇಷ್ಟ್ರು ಕನ್ನಡದಲ್ಲಿ ಓದಿ ಉರ್ದುವಿನಲ್ಲಿ ಹೇಳಿದ್ರು, ಹುಡುಗಿನ ಪರದೆ ಆಚೆ ಕೂರಿಸಿ ನಾಲ್ಕೇ ಪ್ರಶ್ನೆ ಕೇಳಿದ್ರು. ಆಮೇಲೆ ಒಂದು ಹಾಳೆಯಲ್ಲಿ ಫಸ್ಖ್ ಅಂತ ಬರೆದು ಮೂರೂ ಜನ ಸಹಿ ಹಾಕಿ, ಇವತ್ತಿಂದ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಅಂದ್ರು. ನಾನು ತಡ್ಕೊಳ್ಳೋಕಾಗದೆ ಹೇಳಿದೆ, ಹಜರತ್, ಡಿಕ್ರಿ ಆದ್ಮೇಲೆ ಆರು ತಿಂಗಳು ಕಾದಿದಾಳೆ, ಅದನ್ನೇ ಲೆಕ್ಕಕ್ಕೆ ತಗೊಳ್ಳಿ ಅಂತ. ಅವರು ಒಪ್ಪಲಿಲ್ಲ, ಈಗ್ಲೂ ನನಗೆ ಅದು ಅನಗತ್ಯ ಬಿಗಿ ಅಂತಲೇ ಅನ್ಸುತ್ತೆ. ಆದ್ರೆ ಆಚೆ ಬಂದ ಮೇಲೆ ಹುಡುಗಿ ನನಗೆ ಹೇಳಿದ್ದು ಬೇರೆ. "ಇರ್ಲಿ ಆಪಾ, ಆರು ವರ್ಷ ಕಾದವಳಿಗೆ ನಾಲ್ಕು ತಿಂಗಳು ಯಾವ ಲೆಕ್ಕ. ನಾಳೆ ನನ್ನ ನಿಕಾಹ್ ಕಡೆ ಯಾರೂ ಬೆರಳು ತೋರಿಸಬಾರದು, ಅಷ್ಟೇ."

ಈ ಮಾತನ್ನ ನಾನು ಲಘುವಾಗಿ ತಗೊಳ್ಳಲ್ಲ. ಕಾನೂನು ಅವಳಿಗೆ ಬಿಡುಗಡೆ ಕೊಟ್ಟಿತ್ತು, ಆದ್ರೆ ಅವಳು ಬದುಕಬೇಕಾಗಿದ್ದು ಆ ಗಲ್ಲಿಯಲ್ಲಿ, ಆ ಮಸೀದಿಯ ನೆರಳಲ್ಲಿ, ಅವಳ ಮುಂದಿನ ಮಕ್ಕಳ ಬಗ್ಗೆ ಯಾರೂ ಪಿಸುಗುಟ್ಟಬಾರದು ಅನ್ನೋ ಆಸೆ ಅವಳಿಗೆ. ಮತ್ತೆ ಅವಳದ್ದು ಬರೀ ಜನರ ಹೆದರಿಕೆ ಅಂತ ತಿಳ್ಕೊಬೇಡಿ, ದೇವರ ಮುಂದೆ ತಾನು ಸರಿ ಇದೀನಾ ಅನ್ನೋ ಪ್ರಶ್ನೆನೂ ಅವಳಿಗಿತ್ತು. ಹೊರಗಿಂದ ಕಾನೂನು ತಂದು ಎಲ್ಲಾ ಸರಿ ಮಾಡ್ತೀವಿ ಅನ್ನೋರಿಗೆ ಈ ಪ್ರಶ್ನೆ ಕೇಳಿಸಲ್ಲ. 2019ರ ತ್ರಿವಳಿ ತಲಾಕ್ ಕಾಯ್ದೆನೇ ತಗೊಳ್ಳಿ, ಹಾಗೆ ತಲಾಕ್ ಹೇಳಿದವನಿಗೆ ಮೂರು ವರ್ಷದವರೆಗೆ ಜೈಲು. ತಲಾಕ್ ಅಸಿಂಧು ಅನ್ನೋದು ಪೂರ್ತಿ ಸರಿ, ಅದಕ್ಕೆ ನನ್ನ ಎರಡು ಮಾತಿಲ್ಲ. ಆದ್ರೆ ನನ್ನ ಟೇಬಲ್ ಮುಂದೆ ಈಗ ಬರೋ ಕೇಸುಗಳಲ್ಲಿ ಗಂಡ ತಲಾಕ್ ಅನ್ನೋ ಮಾತೇ ಆಡಲ್ಲ, ಸುಮ್ಮನೆ ತವರಿಗೆ ಕಳಿಸಿ ಫೋನ್ ಎತ್ತೋದು ನಿಲ್ಲಿಸ್ತಾನೆ. ಅವಳಿಗೆ ತಲಾಕೂ ಇಲ್ಲ, ಸಂಸಾರವೂ ಇಲ್ಲ, ಜೀವನಾಂಶಕ್ಕೆ ತಿಂಗಳು ತಿಂಗಳು ಡೇಟ್.

ಹಾಗಂತ ಒಳಗಿನವರನ್ನ ಬಿಟ್ಟುಬಿಡೋಕಾಗಲ್ಲ, ನನಗೆ ಹೆಚ್ಚು ನೋವು ಕೊಡೋರು ಅವರೇ. ಥಾನವಿಯವರು ಬಾಗಿಲು ತೆಗೆದು ತೊಂಬತ್ತು ವರ್ಷ ಆಯ್ತು, ಆಮೇಲೆ ಬಂದವರು ಅದೇ ಹೊಸ್ತಿಲ ಮೇಲೆ ಕೂತ್ಬಿಟ್ರು. ಒಂದೇ ಸಲದ ಮೂರು ತಲಾಕ್ ಒಂದೇ ಅಂತ 1328ರಲ್ಲಿ ತೀರಿಕೊಂಡ ಇಬ್ನ್ ತೈಮಿಯಾ ಹೇಳಿದ್ರು, ನಮ್ಮೂರಲ್ಲೇ ಅಹಲೆ ಹದೀಸ್ ಪಂಗಡದವರು ಒಪ್ತಾರೆ, ಪೈಗಂಬರರ ಕಾಲದಲ್ಲಿ, ಅಬೂಬಕರರ ಕಾಲದಲ್ಲಿ, ಉಮರರ ಮೊದಲ ಎರಡು ವರ್ಷದಲ್ಲಿ ಮೂರನ್ನ ಒಂದೇ ಅಂತ ಎಣಿಸ್ತಿದ್ರು ಅಂತ ಸಹೀ ಮುಸ್ಲಿಂ ಅನ್ನೋ ಹದೀಸ್ ಸಂಗ್ರಹದಲ್ಲೇ ಇದೆ. ಹೆಂಡತಿ ಖರ್ಚಿನ ವಿಷಯಕ್ಕೆ ಮಾಲಿಕಿ ಕದ ತಟ್ಟಿದವರು ಈ ವಿಷಯಕ್ಕೂ ಪಕ್ಕದ ಮನೆ ಕದ ತಟ್ಟಬಹುದಿತ್ತಲ್ಲ. ತಟ್ಟಲಿಲ್ಲ. ತಟ್ಟಿದ್ರೆ ಕೋರ್ಟು, ಪಾರ್ಲಿಮೆಂಟು, ಟಿವಿ ಇದ್ಯಾವುದೂ ನಮ್ಮ ಮನೆ ಅಂಗಳಕ್ಕೆ ಬರ್ತಿರಲಿಲ್ಲ. ತಲಾಕ್ ಆದ ಶಾಬಾನುಗೆ ಗಂಡ ಜೀವನಾಂಶ ಕೊಡಬೇಕು ಅಂದ 1985ರ ತೀರ್ಪಿನಲ್ಲೂ ಹಾಗೇ, ತಲಾಕ್ ಆದ ಹೆಂಗಸರಿಗೆ ಮರ್ಯಾದೆಯಿಂದ ಏನಾದ್ರೂ ಕೊಡಿ ಅಂತ ಹೇಳೋ ಆಯತ್ ಕುರಾನಿನ ಸೂರಾ ಬಕರಾದಲ್ಲಿದೆ, 241ನೇದು, ಅದನ್ನ ಮೊದಲು ಎತ್ತಿ ಹಿಡೀಬೇಕಾದವರು ನಾವು, ಆದ್ರೆ ಜಡ್ಜ್ ಎತ್ತಿ ಹಿಡಿದ್ರು ಅನ್ನೋದಕ್ಕೇ ಬೀದಿಗಿಳಿದ್ವಿ. ಎಪ್ಪತ್ತರ ಹತ್ತಿರದ ಮುದುಕಿಯ ಕೈಗೆ ನಾಲ್ಕು ಕಾಸು ಹೋಗೋದು ಧರ್ಮಕ್ಕೆ ಅಪಾಯ ಅಂತ ನಮಗೆ ಹೇಗೆ ಅನ್ನಿಸ್ತು ಅನ್ನೋದು ಇವತ್ತಿಗೂ ನನಗೆ ಅರ್ಥ ಆಗಿಲ್ಲ. ಆ ತೀರ್ಪನ್ನ ತಡೆಯೋಕೆ ಅಂತ 1986ರಲ್ಲಿ ಬಂದ ಕಾಯ್ದೆನ 2001ರಲ್ಲಿ ಡ್ಯಾನಿಯಲ್ ಲತೀಫಿ ಕೇಸಲ್ಲಿ ಸುಪ್ರೀಂ ಕೋರ್ಟ್ ಓದಿದ ರೀತಿಯಿಂದ ಹೆಣ್ಮಕ್ಕಳು ಉಳ್ಕೊಂಡ್ರು, ಇದ್ದತ್ ಮುಗಿಯೋದರ ಒಳಗೆ ಅವಳ ಮುಂದಿನ ಜೀವನಕ್ಕೂ ಸೇರಿಸಿ ಏರ್ಪಾಡು ಮಾಡಬೇಕು ಅಂತ. 2024ರ ಜುಲೈಯಲ್ಲಿ ಎಲ್ಲಾ ಧರ್ಮದವರಿಗೂ ಅನ್ವಯಿಸ್ತಿದ್ದ ಸಿಆರ್‌ಪಿಸಿ 125ರ ಜೀವನಾಂಶವೂ ಅವಳಿಗೆ ಸಿಗುತ್ತೆ ಅಂತ ಮತ್ತೆ ಸ್ಪಷ್ಟ ಮಾಡ್ತು.

ಬರೀ ಪಂಥಗಳಿಂದ ಬೇಕಾದ್ದು ಆರಿಸ್ಕೊಳ್ಳೋದರಲ್ಲಿ ಒಂದು ತೊಂದರೆ ಇದೆ, ಅದನ್ನೂ ಹೇಳಬೇಕು. ಅಲ್ಲೊಂದು ಇಲ್ಲೊಂದು ತೇಪೆ ಹಾಕಿದ ಹಾಗಾಗುತ್ತೆ, ಯಾಕೆ ಇದನ್ನ ಆರಿಸಿದ್ರಿ ಅದನ್ನ ಬಿಟ್ರಿ ಅಂದ್ರೆ ಉತ್ತರ ಇರಲ್ಲ. ಪಾಕಿಸ್ತಾನದಿಂದ ವಿರೋಧ ತಡೀಲಾರದೆ 1968ರಲ್ಲಿ ಹೊರಟು ಶಿಕಾಗೋದಲ್ಲಿ ನೆಲೆ ನಿಂತ ಫಜ್ಲುರ್ ರಹಮಾನ್ ಅನ್ನೋ ವಿದ್ವಾಂಸರು ಹೇಳ್ತಿದ್ದದ್ದು ಇದನ್ನೇ. ಒಂದು ಆಯತ್ ಇಳಿದಾಗ ಅರಬಸ್ತಾನದಲ್ಲಿ ಏನು ನಡೀತಿತ್ತು, ಆಯತ್ ಯಾವ ಅನ್ಯಾಯನ ತಡೆಯೋಕೆ ಹೊರಟಿತ್ತು ಅಂತ ಮೊದಲು ಹಿಂದೆ ಹೋಗಿ ತಿಳ್ಕೊಳ್ಳಿ, ಆ ನೀತಿನ ಹಿಡ್ಕೊಂಡು ವಾಪಸ್ ನಿಮ್ಮ ಕಾಲಕ್ಕೆ ಬನ್ನಿ, ಇವತ್ತು ಅದೇ ಅನ್ಯಾಯ ಯಾವ ರೂಪದಲ್ಲಿದೆ ನೋಡಿ. ಟುನೀಷಿಯಾ 1956ರಲ್ಲಿ ಬಹುಪತ್ನಿತ್ವ ನಿಲ್ಲಿಸಿದಾಗ ಕುರಾನಿನ ಮಾತನ್ನೇ ಮುಂದಿಟ್ಟಿದ್ರು, ಸಮಾನ ನ್ಯಾಯ ಮಾಡೋಕಾಗಲ್ಲ ಅನ್ನೋ ಭಯ ಇದ್ರೆ ಒಬ್ಬಳೇ ಅಂತ ಒಂದು ಕಡೆ, ನೀವು ಎಷ್ಟು ಆಸೆಪಟ್ರೂ ಸಮಾನ ನ್ಯಾಯ ನಿಮ್ಮಿಂದ ಆಗಲ್ಲ ಅಂತ ಇನ್ನೊಂದು ಕಡೆ. ಮೊರಾಕೊ 2004ರಲ್ಲಿ ಅಷ್ಟು ದೂರ ಹೋಗಲಿಲ್ಲ, ಎರಡನೇ ಮದುವೆಗೆ ಜಡ್ಜ್ ಅನುಮತಿ ಬೇಕು ಅಂತ ಬಿಗಿ ಮಾಡ್ತು.

ಇದೇ ಕಣ್ಣಲ್ಲಿ ನಮ್ಮ ಮೆಹರ್ ನೋಡಿ. ಮೆಹರ್ ಹೆಣ್ಣಿನ ಕೈಗೆ ಹೋಗಬೇಕಾದ ಹಣ, ಅವಳ ಅಪ್ಪನ ಕೈಗೂ ಅಲ್ಲ, ಅವಳಿಗೇ, ಅವಳ ಕಾಲ ಮೇಲೆ ಅವಳು ನಿಲ್ಲೋಕೆ. ನಮ್ಮ ದಖನಿ ಮದುವೆಗಳಲ್ಲಿ ಆಗೋದೇನು? ಹುಡುಗನಿಗೆ ಜೋಡೇ ಕಿ ರಖಂ ಅಂತ ಲಕ್ಷಗಟ್ಟಲೆ, ಜೊತೆಗೆ ಬೈಕು, ಮಂಚ, ಫ್ರಿಜ್ಜು. ಮೆಹರ್ ಕಾಲಂನಲ್ಲಿ 5,000ವೋ 11,000ವೋ. ಅದೂ ಉಧಾರ. ಜೋಡೇ ಕಿ ರಖಂಗೆ ಯಾವ ಕಿತಾಬಲ್ಲೂ ಆಧಾರ ಇಲ್ಲ, ಅದನ್ನ ಮಾತ್ರ ಯಾವ ಜಮಾತೂ ಬಿದಅತ್, ಅಂದ್ರೆ ಧರ್ಮದಲ್ಲಿಲ್ಲದ ಹೊಸ ಆಚರಣೆ, ಅಂತ ತಡೆದು ನಿಕಾಹ್ ನಿಲ್ಲಿಸಿದ್ದನ್ನ ನಾನು ಕಂಡಿಲ್ಲ. ಮೆಹರ್ ಕಾಲಂನಲ್ಲಿ ಇನ್ನೊಂದು ಸೂಕ್ಷ್ಮ ಇದೆ, ಓದೋರು ಗಮನ ಕೊಡಿ. ಕನ್ನಡದಲ್ಲಿ ಬರೆದ್ರೆ ಎರಡೂ ಮುಅಜ್ಜಲ್ಲೇ, ಉಚ್ಚಾರನೂ ನಮ್ಮ ಕಡೆ ಒಂದೇ. ಉರ್ದುವಿನಲ್ಲಿ ಒಂದಕ್ಕೆ ಐನ್ ಅಕ್ಷರ, ಇನ್ನೊಂದಕ್ಕೆ ವಾವ್ ಮೇಲೆ ಹಮ್ಜಾ. ಐನ್ ಇದ್ರೆ ಅವಳು ಕೇಳಿದ ತಕ್ಷಣ ಕೊಡಬೇಕಾದ ಹಣ. ಹಮ್ಜಾ ಇದ್ರೆ ಆಮೇಲೆ, ಅಂದ್ರೆ ಸಾಮಾನ್ಯವಾಗಿ ತಲಾಕ್ ಆದಾಗಲೋ ಗಂಡ ಸತ್ತಾಗಲೋ. ಒಂದು ಕೇಸಲ್ಲಿ ನಾನು ಎದುರು ವಕೀಲರು ಇಬ್ಬರೂ ಭೂತಗನ್ನಡಿ ಇಟ್ಕೊಂಡು ಆ ಒಂದು ಅಕ್ಷರ ನೋಡಿದೀವಿ, ಶಾಯಿ ಹರಡಿತ್ತು. ಆ ಹುಡುಗಿಯ 50,000 ಆ ಚುಕ್ಕೆಯಷ್ಟು ಶಾಯಿ ಒಳಗಿತ್ತು. ಅದಕ್ಕೇ ಈಗ ನಾನು ನನ್ನ ಹತ್ತಿರ ಮದುವೆಗೆ ಮೊದಲು ಬರೋರಿಗೆ ಹೇಳೋದು, ಉರ್ದು ಪದದ ಪಕ್ಕದಲ್ಲೇ ಕನ್ನಡದಲ್ಲಿ 'ಈಗಲೇ ಕೊಟ್ಟಿದೆ' ಅಥವಾ 'ಕೇಳಿದಾಗ ಕೊಡುವುದು' ಅಂತ ಬರೆಸಿ ಅಂತ.

ಮದುವೆಗೆ ಮೊದಲು ಬರೋರು ತೀರಾ ಕಡಿಮೆ, ಆದ್ರೆ ಈಗೀಗ ಬರ್ತಿದಾರೆ. ಅವರಿಗೆ ನಾನು ಆ ಶರಾಯತ್ ಜಾಗ ತೋರಿಸ್ತೀನಿ. ನಿಕಾಹ್ ಒಂದು ಕರಾರು, ಸಂಸ್ಕಾರ ಅಲ್ಲ ಅಂತ ನಮ್ಮ ಹೈಕೋರ್ಟ್ 2021ರಲ್ಲಿ ಹೇಳಿದ್ದು ಸುದ್ದಿ ಆಯ್ತು, ಫಿಕ್ಹ್ ಮೊದಲಿಂದ ಹೇಳಿದ್ದೂ ಅದೇ. ಕರಾರು ಅಂದ್ಮೇಲೆ ಶರತ್ತು ಹಾಕಬಹುದು. ಎಲ್ಲಕ್ಕಿಂತ ಮೊದಲು ಪಾಲಿಸಬೇಕಾದ ಶರತ್ತು ಅಂದ್ರೆ ಮದುವೆ ಶರತ್ತು ಅನ್ನೋ ಅರ್ಥದ ಹದೀಸ್ ಬುಖಾರಿ ಸಂಗ್ರಹದಲ್ಲಿದೆ. ಅದರಲ್ಲೂ ತಲಾಕೆ ತಫ್ವೀಜ್ ಅಂತ ಒಂದಿದೆ, ತಲಾಕ್ ಕೊಡೋ ತನ್ನ ಅಧಿಕಾರನ ಗಂಡ ಕೆಲವು ಸಂದರ್ಭಕ್ಕೆ ಹೆಂಡತಿಗೆ ವಹಿಸಿಕೊಡೋದು. ಇದಕ್ಕೆ ಬೇರೆ ಪಂಥಕ್ಕೂ ಹೋಗಬೇಕಾಗಿಲ್ಲ, ಹನಫಿ ಕಿತಾಬಲ್ಲೇ ಇದೆ. ಥಾನವಿಯವರು ಅದೇ ಕಿತಾಬಲ್ಲಿ ಇದನ್ನ ಮೊದಲ ಉಪಾಯ ಅಂತ ವಿವರಿಸಿ ಹೇಗೆ ಬರೀಬೇಕು ಅಂತ ಮಾದರಿ ಕೊಟ್ಟಿದಾರೆ. ಪಾಕಿಸ್ತಾನದಲ್ಲಿ, ಬಾಂಗ್ಲಾದೇಶದಲ್ಲಿ ಸರ್ಕಾರಿ ನಿಕಾಹ್‌ನಾಮಾದ 18ನೇ ಕಾಲಂ ಇದಕ್ಕೇ ಮೀಸಲು, ಗಂಡ ಹೆಂಡತಿಗೆ ತಲಾಕ್ ಅಧಿಕಾರ ಕೊಟ್ಟಿದಾನಾ, ಕೊಟ್ಟಿದ್ರೆ ಯಾವ ಶರತ್ತಿನ ಮೇಲೆ ಅಂತ. 1961ರ ಕಾನೂನಿಂದ ಬಂದಿದ್ದು. ನಮ್ಮಲ್ಲಿ ಮುಸ್ಲಿಂ ಪರ್ಸನಲ್ ಲಾ ಬೋರ್ಡ್ 2005ರಲ್ಲಿ ಮಾದರಿ ನಿಕಾಹ್‌ನಾಮಾ ಹೊರಡಿಸ್ತು, ಹೆಣ್ಮಕ್ಕಳ ಸಂಘಟನೆಗಳು ಎಷ್ಟು ಕೇಳಿದ್ರೂ ಈ ಹಕ್ಕು ಅದರೊಳಗೆ ಬರಲಿಲ್ಲ.

ಶರತ್ತಿನ ಮಾತೆತ್ತಿದ್ರೆ ಹುಡುಗಿ ಕಡೆಯವರೇ ಹೆದರ್ತಾರೆ. ಸಂಬಂಧ ಮುರಿದು ಬೀಳುತ್ತೆ, ಮದುವೆ ದಿನವೇ ತಲಾಕ್ ಮಾತಾ, ಅಪಶಕುನ ಅಲ್ವಾ ಅಂತ. ನಾನು ಅವರಿಗೆ ವಾದ ಮಾಡಲ್ಲ, ಆಫೀಸಿನ ಬೆಂಚಿನ ಮೇಲೆ ಮಗು ಎತ್ತಿಕೊಂಡು ಕೂತಿರೋ ಹೆಣ್ಮಕ್ಕಳ ಕಡೆ ನೋಡಿ ಅಂತೀನಿ ಅಷ್ಟೇ.

ಹೋದ ಡಿಸೆಂಬರಿನಲ್ಲಿ ಒಬ್ಬ ಅಪ್ಪ ಬಂದಿದ್ರು, ಗ್ಯಾರೇಜ್ ಮೆಕ್ಯಾನಿಕ್, ಮಗಳು ನರ್ಸಿಂಗ್ ಓದಿದವಳು. ಹುಡುಗನನ್ನೂ ಕರ್ಕೊಂಡು ಬಂದಿದ್ರು, ಅದೇ ನನಗೆ ದೊಡ್ಡ ವಿಷಯ ಅನ್ಸಿತು. ಕೂತು ಮೂರು ಶರತ್ತು ಬರೆದ್ವಿ. ಹುಡುಗಿ ಕೆಲಸ ಮುಂದುವರಿಸ್ತಾಳೆ, ಸಂಬಳ ಅವಳದ್ದು. ಅವಳು ಇರೋವಾಗ ಎರಡನೇ ಮದುವೆ ಮಾಡ್ಕೊಂಡ್ರೆ, ಅಥವಾ ಕಾರಣ ಇಲ್ಲದೆ ಒಂದು ವರ್ಷ ಖರ್ಚಿಗೆ ಕೊಡದಿದ್ರೆ, ಅಥವಾ ಕೈ ಎತ್ತಿದ್ರೆ, ತನ್ನ ಮೇಲೆ ತಾನೇ ತಲಾಕ್ ತಗೊಳ್ಳೋ ಅಧಿಕಾರ ಅವಳಿಗೆ. ಏನೇ ಜಗಳ ಬಂದ್ರೂ ಮೊದಲು ಎರಡೂ ಮನೆಯಿಂದ ಒಬ್ಬೊಬ್ಬರು ಕೂತು ಮಾತಾಡ್ತಾರೆ, ಇದು ಸೂರಾ ನಿಸಾದ 35ನೇ ಆಯತ್ತಿನ ಮಾತೇ. ಹುಡುಗ ಎರಡನೇದನ್ನ ಎರಡು ಸಲ ಓದಿಸ್ಕೊಂಡ, ಆಮೇಲೆ "ನಾನು ಮಾಡಲ್ಲ ಅಂದ್ಮೇಲೆ ಬರೆಯೋಕೆ ಏನು" ಅಂದ.

ನಿಕಾಹ್ ದಿನ ನಾನೂ ಹೋಗಿದ್ದೆ. ಖಾಜಿ ಸಾಹೇಬರು ರಿಜಿಸ್ಟರ್ ತುಂಬ್ತಾ ಬಂದು ಶರಾಯತ್ ಹತ್ತಿರ ಅಭ್ಯಾಸದ ಮೇಲೆ ಪೆನ್ನು ಇಟ್ಟು ಗೀಟು ಶುರು ಮಾಡಿದ್ರು. ಹುಡುಗಿಯ ಅಪ್ಪ ಜೇಬಿಂದ ಹಾಳೆ ತೆಗೆದು ಮುಂದಿಟ್ರು. ಖಾಜಿ ಸಾಹೇಬರು ಓದಿದ್ರು, ಹುಡುಗನ ಮುಖ ನೋಡಿದ್ರು, ಅವನು ತಲೆ ಆಡಿಸಿದ. ಬರೆಯೋಕೆ ಶುರು ಮಾಡಿದ್ರು. ಆ ಜಾಗ ಇದ್ದದ್ದು ಒಂದೂವರೆ ಸಾಲು, ಎರಡನೇ ಶರತ್ತಿನ ಅರ್ಧಕ್ಕೇ ತುಂಬಿ ಹೋಯ್ತು. ಇನ್ನೇನು ಮಾಡೋದು ಅಂತ ಒಂದು ಕ್ಷಣ ನೋಡಿ, ಹಾಳೆ ತಿರುವಿ, ಹಿಂದುಗಡೆ ಖಾಲಿ ಇದ್ದ ಕಡೆ ಉಳಿದದ್ದನ್ನ ಬರೆದು, ಇಬ್ಬರೂ ಗವಾಹ್‌ಗಳ ಹತ್ತಿರ ಹಿಂದೆ ಒಂದು ಮುಂದೆ ಒಂದು ಎರಡೆರಡು ಸಹಿ ತಗೊಂಡ್ರು.